ಹುಡುಗರ ವೃಷಣದ ಸೈಜ್ ನೋಡೋಕೆ ಮಣಿಸರ ಸಾಕಾ, ಸ್ಕ್ಯಾನ್ ಬೇಕೇ ಬೇಕಾ?

ಪ್ರಶ್ನೆ (ಸೋಮವಾರಪೇಟೆ ಕಡೆ ಡಾಕ್ಟರ್):
ನಮಸ್ಕಾರ, ಒಂದು ಕೇಸ್ ಬಗ್ಗೆ ಸೀನಿಯರ್ಸ್ ಹತ್ರ ಕೇಳ್ಬೇಕಿತ್ತು. 14 ವರ್ಷದ ಹುಡುಗ, ಎಡಗಡೆ ವೆರಿಕೋಸೀಲ್ (ವೃಷಣದ ಮೇಲಿನ ರಕ್ತನಾಳ ಊದ್ಕೊಳ್ಳೋದು), ನೋವು ಗೀವು ಏನಿಲ್ಲ. ಆರ್ಕಿಡೋಮೀಟರ್ (ವೃಷಣದ ಸೈಜ್ ಹೋಲಿಸೋಕೆ ಎಂಎಲ್ ನಂಬರ್ ಬರೆದಿರೋ ಮಣಿಸರ) ಮಣಿ ಹಿಡಿದು ನೋಡಿದ್ರೆ ಬಲಕ್ಕೆ 10, ಎಡಕ್ಕೆ 8 ಎಂಎಲ್, ಅಂದ್ರೆ 20 ಪರ್ಸೆಂಟ್ ಕಮ್ಮಿ. ಆದ್ರೆ ಸ್ಕ್ಯಾನ್ ರಿಪೋರ್ಟಲ್ಲಿ ಬಲಕ್ಕೆ 6.6, ಎಡಕ್ಕೆ 5.9 ಅಂತಿದೆ, ವ್ಯತ್ಯಾಸ ಸುಮಾರು 10 ಪರ್ಸೆಂಟ್ ಅಷ್ಟೆ. ಯಾವ್ದನ್ನ ನಂಬೋದು? ಅಪ್ಪ ಅಮ್ಮ ಈಗ್ಲೇ ಆಪರೇಷನ್‌ಗೆ ಮೈಸೂರಿಗೆ ಹೋಗ್ಬೇಕಾ, ಕಾಫಿ ಕುಯ್ಲು ಮುಗಿದ್ಮೇಲೆ ಹೋದ್ರೆ ಆಗುತ್ತಾ ಅಂತ ಕೇಳ್ತಿದ್ದಾರೆ.

ಉತ್ತರ 1 (ಮಕ್ಕಳ ಯುರಾಲಜಿ, ಮೈಸೂರು):
ಡಾಕ್ಟ್ರೇ, ಮಣಿಗಳ ನಂಬರ್ ಒಂದ್ಸಲ ಸಾಲಾಗಿ ನೋಡಿ, 8 ಆದ್ಮೇಲೆ 10, 12, 15, 20, 25. 10ರಿಂದ 8ಕ್ಕೆ ಇಳಿದ್ರೇನೇ 20 ಪರ್ಸೆಂಟ್, 15ರಿಂದ 12ಕ್ಕೂ ಅಷ್ಟೇ, 20ರಿಂದ 15ಕ್ಕೆ ಅಂತೂ 25 ಪರ್ಸೆಂಟ್, ಹಾಗಾಗಿ ಒಂದೇ ಒಂದು ಮಣಿ ಆಚೆ ಈಚೆ ಆದ್ರೂ ನಿಮ್ಗೆ ಆಪರೇಷನ್ ಯೋಚನೆ ಮಾಡೋ 20 ಪರ್ಸೆಂಟ್ ಗೆರೆ ಮುಟ್ಟಿದ ಹಾಗೆ ಕಾಣುತ್ತೆ. ಪ್ರೇಡರ್ ಅನ್ನೋ ಡಾಕ್ಟರ್ ಈ ಮಣಿಸರಾನ 1966ರಲ್ಲಿ ಕೊಟ್ಟಿದ್ದು, 4 ಎಂಎಲ್ ಬಂದ್ರೆ ಪ್ರಾಯ ಶುರುವಾಯ್ತು ಅಂತ ಹೇಳೋಕೆ ಇವತ್ತಿಗೂ ಅದೇ ಬೆಸ್ಟ್. ಎರಡು ಕಡೆ ಹೋಲಿಸೋಕೆ ಮಾತ್ರ ಸಾಲಲ್ಲ. ಅದೂ ಅಲ್ದೆ ಕೈಗೆ ಸಿಗೋದ್ರಲ್ಲಿ ಚರ್ಮ, ಎಪಿಡಿಡಿಮಿಸ್ (ವೃಷಣದ ಹಿಂದೆ ಅಂಟಿಕೊಂಡಿರೋ ವೀರ್ಯಾಣು ನಾಳ) ಎಲ್ಲ ಸೇರಿರುತ್ತೆ, ಅದಕ್ಕೇ ಸಾಮಾನ್ಯವಾಗಿ ಸ್ಕ್ಯಾನ್‌ಗಿಂತ ಜಾಸ್ತಿ ಬರೋದು.

ಈ ಹುಡುಗನಿಗೆ ಅವಸರ ಬೇಡ. 6ರಿಂದ 12 ತಿಂಗಳು ಬಿಟ್ಟು ಮತ್ತೆ ಸ್ಕ್ಯಾನ್ ಮಾಡ್ಸಿ, ಈ ವಯಸ್ಸಲ್ಲಿ ಹಿಂದೆ ಬಿದ್ದಿರೋ ಕಡೆ ತಾನಾಗೇ ಬೆಳೆದು ಸರಿಯಾಗೋದುಂಟು. ಮಲಗಿಸಿದಾಗ ಊತ ಇಳಿಯುತ್ತಾ ಅಂತ ದಯವಿಟ್ಟು ನೋಡಿ, ಇಳೀದಿದ್ರೆ ಹೊಟ್ಟೆ ಸ್ಕ್ಯಾನೂ ಬೇಕು.

ಉತ್ತರ 2 (ರೇಡಿಯಾಲಜಿ, ಮಡಿಕೇರಿ):
ನಿಮ್ಮ ರಿಪೋರ್ಟಲ್ಲಿ ಯಾವ ಫಾರ್ಮುಲಾ ಹಾಕಿದ್ದಾರೆ ಅಂತ ಕೇಳಿ. ಬಲಗಡೆ ಉದ್ದ 3.5, ಅಗಲ 2, ದಪ್ಪ 1.8 ಸೆಂಟಿಮೀಟರ್ ಅಂತಿಟ್ಕೊಳ್ಳಿ, ಮೂರನ್ನೂ ಗುಣಿಸಿ ಮತ್ತೆ 0.52ರಿಂದ ಗುಣಿಸಿದ್ರೆ 6.6 ಎಂಎಲ್, ಅದನ್ನೇ ಲ್ಯಾಂಬರ್ಟ್ ಫಾರ್ಮುಲಾದ 0.71ರಿಂದ ಗುಣಿಸಿದ್ರೆ 8.9. ಎರಡೂ ಕಡೆಗೂ ಒಂದೇ ಹಾಕಿದ್ರೆ ಪರ್ಸೆಂಟ್ ಬದಲಾಗಲ್ಲ ನಿಜ, ಆದ್ರೆ ಈ ವರ್ಷ ಒಂದು ಮುಂದಿನ ವರ್ಷ ಇನ್ನೊಂದು ಆದ್ರೆ ಬೆಳೀದೇ ಇರೋದು ಬೆಳೆದ ಹಾಗೆ ಕಾಣುತ್ತೆ, ತುಂಬಾ ಅಪಾಯ ಅದು. ಸ್ಕ್ಯಾನ್ ಮಾಡುವಾಗ ಮೈಮೇಲೆ ಇಡೋ ಪ್ರೋಬ್ ಒತ್ಬಾರ್ದು, ಒತ್ತಿದ್ರೆ ಚಪ್ಪಟೆಯಾಗಿ ದಪ್ಪದ ಅಳತೆ ತಪ್ಪುತ್ತೆ. ನಮ್ಮೂರ ಜುಲೈ ಮಳೆ ಚಳೀಲಿ ತಣ್ಣನೆ ಜೆಲ್ ಹಚ್ಚಿದ್ರೆ ಸಾಕು ವೃಷಣ ಮೇಲಕ್ಕೆ ಸೇರ್ಕೊಳ್ಳುತ್ತೆ, ರೂಮ್ ಬೆಚ್ಚಗಿಟ್ಟು ಜೆಲ್ ಬಿಸಿ ಮಾಡ್ಕೊಳ್ಳಿ.

ಉತ್ತರ 3 (ಒಬ್ಬ ತಾಯಿ, ಗೋಣಿಕೊಪ್ಪ):
ನಾನು ಡಾಕ್ಟರ್ ಅಲ್ಲ, ನನ್ನ ಮಗನಿಗೂ ಇದೇ ಇತ್ತು. ಎರಡು ಸೆಂಟರಲ್ಲಿ ಮಾಡ್ಸಿ ಎರಡು ಥರ ನಂಬರ್ ಬಂದು ಮನೇಲಿ ಯಾರಿಗೂ ನಿದ್ದೆ ಇರ್ಲಿಲ್ಲ, ಆಮೇಲೆ ಒಂದೇ ಕಡೆ ಹೋಗೋಕೆ ಶುರು ಮಾಡಿದ್ವಿ. ಹುಡುಗನ ಹತ್ರಾನೂ ಮೊದ್ಲು ಬಿಡಿಸಿ ಹೇಳಿ ಡಾಕ್ಟ್ರೇ, ಆ ವಯಸ್ಸಲ್ಲಿ ನಾಚಿಕೆ ಭಯ ಎರಡೂ ಇರುತ್ತೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ರಿಪೋರ್ಟ್ ನೋಡ್ದೆ, 0.52 ಹಾಕಿದ್ದಾರೆ. ಮೂರೂ ಅಳತೆ ಫೈಲಲ್ಲಿ ಬರೆದಿಟ್ಟಿದ್ದೀನಿ, ಕುಯ್ಲು ಮುಗಿದ್ಮೇಲೆ ಅದೇ ಸೆಂಟರಿಗೆ ಕಳಿಸ್ತೀನಿ. ಮಲಗಿಸಿದಾಗ ಊತ ಇಳಿಯುತ್ತಾ ಅಂತ ನಾಳೆ ಕರೆಸಿ ನೋಡ್ತೀನಿ.