ನಲವತ್ತು ವರ್ಷ ಕಾದಾಡಿದ ಆವಾಕ್ಕೆ ದಕ್ಕದ ಪೆಗು, ತೌಂಗೂವಿಗೆ ದಕ್ಕಿದ್ದು ಹೇಗೆ?

ಪ್ರಶ್ನೆ

ಮೇಲಿನ ಬರ್ಮಾದ ಆವಾ ರಾಜ್ಯವು 1385ರಿಂದ 1424ರವರೆಗೆ, ನಡುನಡುವೆ ಕದನವಿರಾಮಗಳಿದ್ದರೂ, ದಕ್ಷಿಣದ ಮೋನ್ ಜನಾಂಗದ ರಾಜ್ಯವಾದ ಪೆಗುವಿನೊಡನೆ ಯುದ್ಧ ಮಾಡುತ್ತಲೇ ಇತ್ತು. ಕೊನೆಗೂ ಪೆಗು ಅದರ ಕೈಸೇರಲಿಲ್ಲ. ಆದರೆ 1510ರಲ್ಲಷ್ಟೇ ಆವಾದಿಂದ ಬಿಡಿಸಿಕೊಂಡಿದ್ದ ಪುಟ್ಟ ತೌಂಗೂವಿನ ಯುವ ಅರಸ ತಬಿನ್‌ಶ್ವೇತಿ ಅದೇ ಪೆಗುವನ್ನು 1539ರ ಹೊತ್ತಿಗೆ ಗೆದ್ದುಕೊಂಡ. ಆಗಲೂ ಪೆಗುವಿನಲ್ಲಿ ಕಡಲ ವ್ಯಾಪಾರದ ಹಣವಿತ್ತು, ವಿದೇಶಿ ಕೂಲಿ ಸೈನಿಕರಿದ್ದರು, ಬಂದೂಕುಗಳಿದ್ದವು. ಇದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು?

ಮೊದಲ ಉತ್ತರ

ಆವಾದ ಸೋಲಿನಲ್ಲಿ ಮಳೆಗಾಲದ ಪಾತ್ರ ದೊಡ್ಡದು. ಕೊಯ್ಲು ಮುಗಿದ ಮೇಲೆ ಸೈನ್ಯ ಕೆಳಗಿಳಿಯಬೇಕು, ಐರಾವತಿಯ ಮುಖಜಭೂಮಿ ಜಲಾವೃತವಾಗುವ ಮೊದಲು ಹಿಂದಿರುಗಬೇಕು. ಅಷ್ಟರೊಳಗೆ ಕೋಟೆ ಬೀಳದಿದ್ದರೆ ಆ ವರ್ಷದ ದಂಡಯಾತ್ರೆ ಮುಗಿದಂತೆಯೇ. ಪೆಗುವಿನ ಅರಸ ರಾಜಾದರಿತ್ (ಹೆಸರಿನ ಮೂಲ ನಮ್ಮ 'ರಾಜಾಧಿರಾಜ'ವೇ) ಇದನ್ನು ತಿರುಗುಮುರುಗು ಮಾಡಿದ: 1401ರಲ್ಲಿ ಮಳೆಗಾಲದ ತುಂಬು ಹೊಳೆಯಲ್ಲೇ ದೋಣಿಪಡೆಯನ್ನು ಏರಿಸಿಕೊಂಡು ಹೊರಟು ಆವಾದ ಬಾಗಿಲವರೆಗೂ ಹೋದ. ಆದರೆ ದೋಣಿಯಿಂದ ಕೋಟೆ ಹಿಡಿಯಲಾಗದೆ ಅವನೂ ಮರಳಬೇಕಾಯಿತು. ಇಬ್ಬರಿಗೂ ಎದುರಾಳಿಯ ಮನೆಯಂಗಳ ತುಳಿಯುವುದು ಸಾಧ್ಯವಾಯಿತೇ ಹೊರತು ಅಲ್ಲಿ ನಿಲ್ಲುವುದು ಸಾಧ್ಯವಾಗಲಿಲ್ಲ.

ಎರಡನೆಯ ಉತ್ತರ

ಮಳೆಯ ವಿಚಾರ ಸರಿ, ಆದರೆ ಅದೇ ಮಳೆ ತಬಿನ್‌ಶ್ವೇತಿಗೂ ಸುರಿಯಿತು. 1534ರ ಕೊನೆಯಿಂದ ಅವನು ನಡೆಸಿದ ಮೊದಲ ದಂಡಯಾತ್ರೆಗಳೂ ಪೆಗುವಿನ ಗೋಡೆಗಳೆದುರು ವಿಫಲವಾದವು. ನನ್ನ ದೃಷ್ಟಿಯಲ್ಲಿ ನಿರ್ಣಾಯಕ ವ್ಯತ್ಯಾಸವಿದ್ದುದು ಅರಮನೆಯೊಳಗೆ. ರಾಜಾದರಿತ್‌ನಿಗೆ ತನ್ನ ಸರದಾರರನ್ನು ಅಂಕೆಯಲ್ಲಿಡುವುದು ಗೊತ್ತಿತ್ತು. 1385ರಲ್ಲಿ ಆವಾದ ಸೈನ್ಯವನ್ನು ನೆರವಿಗೆ ಕರೆಸಿಕೊಂಡ, ಮ್ಯೌಂಗ್‌ಮ್ಯದ ಅಧಿಪತಿ ಲೌಕ್‌ಪ್ಯನನ್ನೂ ಅವನು ಕೆಲವೇ ವರ್ಷಗಳಲ್ಲಿ ಮಣಿಸಿದ. ತಬಿನ್‌ಶ್ವೇತಿಯ ಕಾಲದ ಪೆಗುವಿನ ಅರಸ ತಕಾಯುತ್ಪಿಗೆ ಆ ಹಿಡಿತವಿರಲಿಲ್ಲ. ಬರ್ಮೀ ವೃತ್ತಾಂತಗಳ ಪ್ರಕಾರ, ಬಿನ್ಯಾ ಲೌ ಮತ್ತು ಬಿನ್ಯಾ ಚಾನ್ ಎಂಬ ಅವನ ಇಬ್ಬರು ಸಮರ್ಥ ಮಂತ್ರಿಗಳು ತನ್ನೊಡನೆ ಒಳಸಂಚು ನಡೆಸಿದ್ದಾರೆಂದು ತೋರುವಂಥ ಸುಳ್ಳು ಪತ್ರವನ್ನು ತಬಿನ್‌ಶ್ವೇತಿ ಹರಿಯಬಿಟ್ಟ. ತಕಾಯುತ್ಪಿ ವಿಚಾರಿಸದೆ ಇಬ್ಬರನ್ನೂ ಕೊಲ್ಲಿಸಿದ. ಆಮೇಲೆ ತೌಂಗೂ ಸೈನ್ಯ ಬಂದಾಗ ನಗರ ಹೆಚ್ಚುಕಡಿಮೆ ಕಾದಾಟವಿಲ್ಲದೆ ಕೈವಶವಾಯಿತು. ಅರಸ ಐರಾವತಿ ದಂಡೆಯ ಪ್ರೋಮ್ ನಗರದ ಕಡೆಗೆ ಓಡಿದ. ಪತ್ರದ ಕಥೆಯಲ್ಲಿ ಉಪ್ಪು ಖಾರ ಸೇರಿರಬಹುದು, ಆದರೆ ಕಾದಾಟವಿಲ್ಲದೆ ರಾಜಧಾನಿ ಬಿದ್ದುದಕ್ಕೆ ಇದಕ್ಕಿಂತ ಹೊಂದುವ ವಿವರಣೆ ನನಗೆ ಕಂಡಿಲ್ಲ.

ಮೂರನೆಯ ಉತ್ತರ

ಒಪ್ಪುತ್ತೇನೆ, ಆದರೆ ರಣರಂಗವನ್ನು ಪೂರ್ತಿ ಬದಿಗಿಡಬೇಡಿ. ಓಡುತ್ತಿದ್ದ ಮೋನ್ ಸೈನ್ಯವನ್ನು ಬೆನ್ನಟ್ಟಿದ ತಬಿನ್‌ಶ್ವೇತಿಯ ಸೇನಾಪತಿ ಬಯಿನ್ನೌಂಗ್, ನೌಂಗ್ಯೋ ಎಂಬಲ್ಲಿ ಹೊಳೆ ದಾಟಿದೊಡನೆ ತೆಪ್ಪಗಳನ್ನು ನಾಶ ಮಾಡಿಸಿದನಂತೆ. ಸೋತರೆ ಹಿಂದಿರುಗುವ ದಾರಿಯೇ ಇರಬಾರದೆಂದು. ಎದುರಿಗಿದ್ದದ್ದು ತನಗಿಂತ ಬಹಳ ದೊಡ್ಡ ಸೈನ್ಯವಾದರೂ ಅವನೇ ಗೆದ್ದ.

ಮೋನರ ಬಂದರು ನಗರ ಮರ್ತಬಾನ್‌ಗೆ ತೌಂಗೂ ಹಾಕಿದ ಮುತ್ತಿಗೆಯನ್ನೂ ನೋಡಿ. ಬಂದರಿನ ಬಾಯಿಗೆ ಪೋರ್ಚುಗೀಸ್ ಹಡಗುಗಳು ಕಾವಲಿದ್ದುದರಿಂದ ನಗರ ತಿಂಗಳುಗಟ್ಟಲೆ ಮಣಿಯಲಿಲ್ಲ. ಕೊನೆಗೆ ಹೊಳೆಯ ಮೇಲ್ಭಾಗದಲ್ಲಿ ತೆಪ್ಪ ಕಟ್ಟಿಸಿ, ಬೆಂಕಿ ಹಚ್ಚಿ, ಪ್ರವಾಹದ ಜೊತೆ ತೇಲಿಬಿಟ್ಟು ಆ ಹಡಗುಗಳನ್ನು ಸುಟ್ಟವನು ಸ್ಮಿಂ ಪಯೂ. ಇವನು ಮೊದಲು ಪೆಗುವಿನ ಸೇವೆಯಲ್ಲಿದ್ದ ಮೋನ್ ಅಧಿಕಾರಿ! 1541ರಲ್ಲಿ ಬಿದ್ದ ಆ ನಗರ ಘೋರ ಲೂಟಿಗೆ ಒಳಗಾಯಿತು. ಆದ್ದರಿಂದ ಇದನ್ನು ಬರೀ ಬರ್ಮೀಯರು ಮೋನರನ್ನು ಗೆದ್ದ ಕಥೆ ಎನ್ನಲು ನಾನು ಹಿಂಜರಿಯುತ್ತೇನೆ.

ಪ್ರಶ್ನೆ ಕೇಳಿದವರು

ಹಾಗಾದರೆ ತಬಿನ್‌ಶ್ವೇತಿ ರಾಜಧಾನಿಯನ್ನೇ ಪೆಗುವಿಗೆ ಸಾಗಿಸಿ, ಮೋನರಂತೆ ಕೂದಲು ಕತ್ತರಿಸಿಕೊಂಡು, ಮೋನ್ ಪದ್ಧತಿಯಲ್ಲಿ ಪಟ್ಟಾಭಿಷೇಕ ಮಾಡಿಸಿಕೊಂಡದ್ದು ಇದೇ ಸರದಾರರ ನಿಷ್ಠೆಗಾಗಿ ಇರಬೇಕು.

ಎರಡನೆಯ ಉತ್ತರದವರು

ಬಹುಶಃ ಹೌದು. ಆದರೆ ಆ ನಿಷ್ಠೆ ಬಾಳಲಿಲ್ಲ: 1550ರಲ್ಲಿ ಬಿಳಿಯಾನೆ ಹಿಡಿಯಲೆಂದು ಕಾಡಿಗೆ ಹೋಗಿದ್ದವನನ್ನು ಮೋನ್ ಅಧಿಕಾರಿ ಸ್ಮಿಂ ಸೌತುತ್ ಕೊಲ್ಲಿಸಿದ. ರಾಜ್ಯ ಚೂರುಚೂರಾಯಿತು, ಪೆಗುವನ್ನು 1552ರಲ್ಲಿ ಬಯಿನ್ನೌಂಗ್ ಮತ್ತೆ ಗೆಲ್ಲಬೇಕಾಯಿತು.