ರಜೆಯಲ್ಲಿ ಸ್ವಯಂಸೇವೆ: ಹೋದ ಊರಿಗೆ ಏನು ಸಿಗುತ್ತದೆ?

ಹೊಸ ಪಯಣಿಗ (ಪ್ರಶ್ನೆ)
ಕಾಲೇಜು ಮುಗಿಯಿತು. ಕೆಲಸಕ್ಕೆ ಸೇರುವ ಮುಂಚೆ ಕಾಂಬೋಡಿಯಾದ ಒಂದು ಅನಾಥಾಶ್ರಮದಲ್ಲಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡೋಣ ಅಂತಿದ್ದೇನೆ. ಏಜೆನ್ಸಿಯೇ ಎಲ್ಲ ವ್ಯವಸ್ಥೆ ಮಾಡುತ್ತದೆ, ಫೀಸ್ ನಾನು ಕಟ್ಟಬೇಕು. ಅಕ್ಕ ಮಾತ್ರ, 'ನಿನಗೆ ಫೋಟೋ ಸಿಗುತ್ತೆ, ಆ ಮಕ್ಕಳಿಗೇನು?' ಎಂದಳು. ಉತ್ತರ ಹೊಳೆಯಲಿಲ್ಲ. ಹೋಗಿ ಬಂದವರು, ಇಲ್ಲಾ ಇಂಥವರು ಬರುವ ಊರಿನವರು ಯಾರಾದರೂ ಇದ್ದೀರಾ?

ಸೀಮೆಸುಣ್ಣ
ಇಂಥ ತಂಡಗಳು ಬಂದು ಹೋಗುವ ಶಾಲೆಯಲ್ಲಿ ನಾನು ಮೇಷ್ಟ್ರು. ಬರುವವರು ಒಳ್ಳೆಯ ಹುಡುಗರೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಪ್ರತಿ ತಂಡವೂ ಇಂಗ್ಲಿಷ್ ಪಾಠ ಶುರು ಮಾಡುವುದು ಮೂಗು, ಕಿವಿ, ಕಣ್ಣಿನಿಂದಲೇ. ನನ್ನ ಐದನೇ ಕ್ಲಾಸಿಗೆ ಅದು ಬಾಯಿಪಾಠ. ಆದರೂ ಏನೂ ಗೊತ್ತಿಲ್ಲದವರ ಹಾಗೆ ಕೂರುತ್ತಾರೆ. ಒಬ್ಬ ಹುಡುಗಿ ಮೊಣಕಾಲು ಕೇಳಿದರೆ ಬೇಕಂತಲೇ ಮೊಣಕೈ ತೋರಿಸಿದಳು. ಆಮೇಲೆ ಯಾಕಮ್ಮಾ ಅಂದೆ. 'ಗೊತ್ತಿದೆ ಅಂದ್ರೆ ಅವರಿಗೆ ಬೇಜಾರಾಗುತ್ತೆ ಸಾರ್' ಎಂದಳು. ನೋಡಿ, ಅತಿಥಿಗಳ ಮನಸ್ಸು ಕಾಯುವ ಕೆಲಸ ಹತ್ತು ವರ್ಷದ ಮಗುವಿನ ತಲೆಗೆ ಬಂದಿದೆ. ಅತ್ತ ನನ್ನ ಭಿನ್ನರಾಶಿ ಪಾಠ ಅರ್ಧಕ್ಕೇ ನಿಂತಿರುತ್ತದೆ.

ಊರೂ ಬದಲಾಗಿದೆ. ಮೊದಲು ಶಾಲೆಯ ನೀರಿನ ಪಂಪ್ ಕೆಟ್ಟರೆ ಮನೆಮನೆಗೆ ಹೋಗಿ ಚಂದಾ ಎತ್ತುತ್ತಿದ್ದರು, ಜಗಳವಾಡುತ್ತಲೇ ರಿಪೇರಿ ಮಾಡಿಸುತ್ತಿದ್ದರು. ಈಗ 'ಮುಂದಿನ ತಂಡ ಬರಲಿ ಬಿಡಿ ಮೇಷ್ಟ್ರೇ' ಅನ್ನುತ್ತಾರೆ. ಕಾಂಪೌಂಡ್ ಗೋಡೆಯನ್ನೂ ತಂಡದವರೇ ಕಟ್ಟಿದರು. ಗಾರೆ ಕೆಲಸದವರು ಕೂಲಿಯಿಲ್ಲದೆ ಪಕ್ಕದಲ್ಲಿ ನಿಂತು ನೋಡಿದರು. ಗೋಡೆ ಓರೆಯಾಯಿತು, ಒಡೆದು ಮತ್ತೆ ಕಟ್ಟಿದ್ದು ಅದೇ ಗಾರೆಯವರು.

ನೆರೆಮನೆ
ಸುಮ್ನೆ ಎಲ್ಲವನ್ನೂ ಬೈಯಬೇಡಿ ಮೇಷ್ಟ್ರೇ. ನಮ್ಮ ಅತ್ತೆ ಇಂಥವರನ್ನು ಮನೆಯಲ್ಲಿ ಇಟ್ಟುಕೊಳ್ಳುತ್ತಾರೆ. ಆ ದುಡ್ಡು ನೇರ ಅವರ ಕೈಗೇ ಬರುತ್ತದೆ, ಮಾವನನ್ನು ಕೇಳಬೇಕಿಲ್ಲ. ಅದೇನು ಸಣ್ಣ ವಿಷಯಾನಾ?

ಸೀಮೆಸುಣ್ಣ
ಖಂಡಿತ ಅಲ್ಲಮ್ಮ. ಬಾಡಿಗೆ ಕೊಟ್ಟು ಉಳಿಯುವವರ ಬಗ್ಗೆ ನನಗೆ ತಕರಾರಿಲ್ಲ. ಅಲ್ಲಿ ನಿಮ್ಮ ಅತ್ತೆ ಯಜಮಾನಿ. ನಮ್ಮ ಶಾಲೆಯಲ್ಲಿ ಯಜಮಾನರು ಯಾರು ಅನ್ನುವುದೇ ಗೊತ್ತಾಗುವುದಿಲ್ಲ.

ಮಕ್ಕಳ ಪರ
ಕಾಂಬೋಡಿಯಾ ಅಂದಿರಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಯುನಿಸೆಫ್ ಪ್ರಕಾರ 2005ರಿಂದ 2010ರೊಳಗೆ ಅಲ್ಲಿನ ಅನಾಥಾಶ್ರಮಗಳು ಶೇ. 75ರಷ್ಟು ಜಾಸ್ತಿಯಾದವು. ಆದರೆ ಅಲ್ಲಿದ್ದ ನಾಲ್ಕು ಮಕ್ಕಳಲ್ಲಿ ಸುಮಾರು ಮೂವರಿಗೆ ಅಪ್ಪನೋ ಅಮ್ಮನೋ ಇದ್ದರು! ಓದು, ಊಟ ಸಿಗುತ್ತದೆ ಎಂಬ ಆಸೆಯಿಂದ ಬಡವರು ಮಕ್ಕಳನ್ನು ಕಳಿಸುತ್ತಾರೆ. ನೋಡಲು ಬರುವವರು ದುಡ್ಡು ಕೊಡುತ್ತಾರೆ. ದುಡ್ಡು ಬರುತ್ತಿರಬೇಕಾದರೆ ಮಕ್ಕಳೂ ಇರಬೇಕಲ್ವಾ? ನೇಪಾಳದಲ್ಲೂ ಇಂಥ ಆಶ್ರಮಗಳು ಹೆಚ್ಚಿರುವುದು ಪ್ರವಾಸಿಗರು ಓಡಾಡುವ ಜಿಲ್ಲೆಗಳಲ್ಲೇ. 2019ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯ ನಿರ್ಣಯವೊಂದು ಅನಾಥಾಶ್ರಮದ ಸ್ವಯಂಸೇವೆಯ ಅಪಾಯವನ್ನು ಎತ್ತಿ ಹೇಳಿತು. ಅನಾಥಾಶ್ರಮ ಬೇಡವೇ ಬೇಡ. ಕಲಿಸಲೇಬೇಕೆಂದಿದ್ದರೆ ಅಲ್ಲಿನ ಶಿಕ್ಷಕರು ಏನು ಕೇಳುತ್ತಾರೋ ಅದನ್ನು ಕಲಿಸಿ, ಅವರ ಕೈಕೆಳಗೆ.

ಹೊಸ ಪಯಣಿಗ
ಎಲ್ಲರಿಗೂ ಥ್ಯಾಂಕ್ಸ್. ಆ ಮಕ್ಕಳ ಮನೆಯವರು ಎಲ್ಲಿದ್ದಾರೆ, ನನ್ನ ಫೀಸಿನಲ್ಲಿ ಎಷ್ಟು ಅಲ್ಲಿಗೆ ಹೋಗುತ್ತದೆ ಎಂದು ಏಜೆನ್ಸಿಗೆ ಬರೆದಿದ್ದೆ. ಬೇಗ ಹಣ ಕಟ್ಟಿದರೆ ರಿಯಾಯಿತಿ ಇದೆ ಎಂದು ಉತ್ತರ ಬಂತು.