ಬರಿಯ ಬಯಲಿಗೆ ಬಡಿದ ಬಾಣ: ಈ ವಾರದ ಸಮಸ್ಯೆ

ಕುಂಬಳೆಯ ಸಂಚಾಲಕ: ಆರು ಸಾಲಿನ ಭಾಮಿನಿ ಷಟ್ಪದಿಯ ಕೊನೆಯ ಸಾಲು ಕೊಟ್ಟಿದ್ದೇನೆ. ಉಳಿದ ಐದು ಕಟ್ಟಿ ಪೂರಣ ಮಾಡುವುದು ನಿಮ್ಮ ಪಾಲು.

*ಬರಿಯ ಬಯಲಿಗೆ ಬಡಿದ ಬಾಣವು ಬಂತು ಹಿಂದಿರುಗಿ*

ಕುಂಬಳೆಯ ಸಂಚಾಲಕ: ಮಧ್ಯಾಹ್ನದೊಳಗೆ ನಾಲ್ಕು ಪೂರಣಗಳು ಬಂದಿವೆ. ನಾಲ್ಕೂ ಕುರುಕ್ಷೇತ್ರದವು, ನಾಲ್ಕರಲ್ಲೂ ಕೃಷ್ಣನೇ ಬಂದು ಬಾಣ ತಿರುಗಿಸುತ್ತಾನೆ. ಅವನಿಗೂ ಸ್ವಲ್ಪ ವಿಶ್ರಾಂತಿ ಕೊಡಿ.

ನೀರ್ಚಾಲಿನ ಮಾಷ್ಟ್ರು: ಹಾಗಾದರೆ ಮ್ಯಾಂಚೆಸ್ಟರಿಗೆ ಹೋಗೋಣ, 1909ಕ್ಕೆ. ಭೌತವಿಜ್ಞಾನಿ ರುದರ್‌ಫರ್ಡರ ಪ್ರಯೋಗಶಾಲೆಯಲ್ಲಿ ತೆಳು ಚಿನ್ನದ ತಗಡಿಗೆ ಧನ ವಿದ್ಯುದಂಶದ ಆಲ್ಫಾ ಕಣಗಳನ್ನು ಹೊಡೆದು ನೋಡಿದ ಕಾಲಕ್ಕೆ.

*ಮೆರುಗು ಚಿನ್ನದ ತಗಡಿನೆದೆಯೊಳು*
*ಹರಿದವೆಲ್ಲವು ಕಣಗಳಾಚೆಗೆ*
*ಇರುಳ ಕೋಣೆಯ ಕಣ್ಣಿಗಾಗಲೆ ಮಿಂಚಿತೊಂದು ಕಿಡಿ*
*ಕಿರಿಯ ಬೀಜದಿ ಭಾರವೆಲ್ಲವು*
*ಸೆರೆಯೊಳಿದ್ದುದು, ಸುತ್ತ ಶೂನ್ಯವೆ*
*ಬರಿಯ ಬಯಲಿಗೆ ಬಡಿದ ಬಾಣವು ಬಂತು ಹಿಂದಿರುಗಿ*

ಮಂಜೇಶ್ವರದ ತಂಗಿ: ಮಾಷ್ಟ್ರೇ, ಮೂರನೆಯ ಸಾಲಿಗೆ ನಮಸ್ಕಾರ. ಆದರೆ ಎರಡನೆಯದರಲ್ಲಿ ಕಣಗಳು 'ಎಲ್ಲವು' ಆಚೆಗೆ ಹರಿದರೆ ಹಿಂದಿರುಗಿದ್ದು ಯಾವುದು? ಸುಮಾರು ಎಂಟು ಸಾವಿರಕ್ಕೆ ಒಂದು ಆಲ್ಫಾ ಕಣ ಹಿಮ್ಮೆಟ್ಟಿತು. ಆ ಒಂದರಲ್ಲಿಯೇ ಕಥೆಯೆಲ್ಲ ಇದೆ.

ನೀರ್ಚಾಲಿನ ಮಾಷ್ಟ್ರು: ಸಿಕ್ಕಿಬಿದ್ದೆ. 'ಹರಿದವೆನಿತೋ ಕಣಗಳಾಚೆಗೆ' ಎಂದು ಓದಿಕೊಳ್ಳಿ. ಮಾತ್ರೆಯೂ ಸರಿ, ಭೌತಶಾಸ್ತ್ರವೂ ಸರಿ. ಆ ಕಿಡಿ ಮಾತ್ರ ಕವಿಸಮಯವಲ್ಲ. ಸತುವಿನ ಸಲ್ಫೈಡ್ ಲೇಪಿಸಿದ ಪರದೆಗೆ ಕಣ ತಾಗಿದಾಗ ಕಾಣುವ ಚುಕ್ಕೆ ಬೆಳಕು ಅದು. ಗೈಗರ್ ಮತ್ತು ಇಪ್ಪತ್ತರ ಹುಡುಗ ಮಾರ್ಸ್‌ಡನ್ ಕತ್ತಲೆಗೆ ಕಣ್ಣು ಒಗ್ಗಲೆಂದು ಅರ್ಧ ಗಂಟೆ ಸುಮ್ಮನೆ ಕುಳಿತು, ಆಮೇಲೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಒಂದೊಂದೇ ಕಿಡಿಯನ್ನು ಎಣಿಸಬೇಕಿತ್ತು. ಹದಿನೈದು ಅಂಗುಲದ ತೋಪಿನ ಗುಂಡನ್ನು ತೆಳುಕಾಗದಕ್ಕೆ ಹೊಡೆದರೆ ಅದು ತಿರುಗಿ ಬಂದು ಹೊಡೆದವನಿಗೇ ಬಡಿದಂತಾಯಿತು ಎಂದು ರುದರ್‌ಫರ್ಡ್ ಆಮೇಲೆ ನೆನೆದದ್ದುಂಟು. ಸಂಚಾಲಕರ ಸಾಲು ಆ ಮಾತಿಗೆ ಅಳತೆ ತೆಗೆದು ಹೊಲಿದ ಅಂಗಿಯಂತಿದೆ.

ಮಂಜೇಶ್ವರದ ತಂಗಿ: ನನ್ನದೂ ಒಂದು. 1897ರಲ್ಲಿ ಎಲೆಕ್ಟ್ರಾನನ್ನು ಕಂಡ, ರುದರ್‌ಫರ್ಡರ ಗುರು ಥಾಮ್ಸನ್‌ರಿಂದ ಆರಂಭ. ಪರಮಾಣುವೆಂದರೆ ಧನ ವಿದ್ಯುದಂಶದ ಪಾಯಸ, ಎಲೆಕ್ಟ್ರಾನುಗಳು ಅದರೊಳಗಿನ ದ್ರಾಕ್ಷಿ ಎಂಬಂತಿತ್ತು ಅವರ ಎಣಿಕೆ.

*ಪಾಯಸದ ಹದವೆಂದ ಥಾಮ್ಸನ್*
*ದ್ರಾಕ್ಷಿಯಾದವು ಕಿರಿಯ ಋಣಕಣ*
*ಶಿಷ್ಯನಾತನೆ ಸೌಟು ಹಾಕಲು ಸಿಕ್ಕಿತದೊ ಹರಳು*
*ಹರಳಿನಾಚೆಗೆ ಬಟ್ಟಲೆಲ್ಲವು*
*ಬಯಲೊ ಬಯಲೆನೆ, ನಂಬಲಾರದೆ*
*ಬರಿಯ ಬಯಲಿಗೆ ಬಡಿದ ಬಾಣವು ಬಂತು ಹಿಂದಿರುಗಿ*

ಕುಂಬಳೆಯ ಸಂಚಾಲಕ: ತಂಗೀ, ಪಾಯಸ ರುಚಿಯಾಗಿದೆ, ಪ್ರತಿ ಸಾಲಿನ ಎರಡನೆಯ ಅಕ್ಷರ ಒಂದೇ ಆಗಬೇಕಾದ ಆದಿಪ್ರಾಸ ಎಲ್ಲಿ? ಷಟ್ಪದಿಗೆ ಅದು ಬೇಡವೇ?

ಮಂಜೇಶ್ವರದ ತಂಗಿ: ನಮ್ಮೂರಿನ ಕವಿ ಗೋವಿಂದ ಪೈಗಳು ಪ್ರಾಸವನ್ನು ಬಿಟ್ಟದ್ದು 1911ರಲ್ಲಿ. ಪರಮಾಣುವಿನ ನಡುವೆ ನ್ಯೂಕ್ಲಿಯಸ್ ಇದೆ ಎಂದು ರುದರ್‌ಫರ್ಡ್ ಬರೆದದ್ದೂ ಅದೇ ವರ್ಷ. ಅಲ್ಲಿ ಪರಮಾಣು ಟೊಳ್ಳಾದ ವರ್ಷವೇ ಇಲ್ಲಿ ಪದ್ಯದ ಕಟ್ಟು ಸಡಿಲವಾಯಿತು. ಮಂಜೇಶ್ವರದವಳು ಇಷ್ಟು ಸಲಿಗೆ ತೆಗೆದುಕೊಳ್ಳಬಾರದೇ?

ಕುಂಬಳೆಯ ಸಂಚಾಲಕ: ಕುಂಬಳೆ ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು. ಇಲ್ಲಿ ಪ್ರಾಸ ಬಿಟ್ಟರೆ ಚೆಂಡೆಯೇ ಎದ್ದು ಬಂದೀತು. ಆದರೂ 'ನಂಬಲಾರದೆ' ಹಿಂದಿರುಗಿದ ಬಾಣಕ್ಕಾಗಿ ಅರ್ಧ ಕ್ಷಮೆ.

ಬದಿಯಡ್ಕದ ಕೃಷಿಕ: ಅಡಕೆ ಸುಲಿಯುತ್ತ ಕೂತು ಎಲ್ಲವನ್ನೂ ಓದಿದೆ. ಬಯಲು, ಬಯಲು ಎನ್ನುತ್ತೀರಿ, ಎಷ್ಟು ದೊಡ್ಡದು ಎಂದು ಒಬ್ಬರೂ ಹೇಳಲಿಲ್ಲವಲ್ಲ?

ನೀರ್ಚಾಲಿನ ಮಾಷ್ಟ್ರು: ಅಣ್ಣಾ, ಚಿನ್ನದ ನ್ಯೂಕ್ಲಿಯಸ್ ಒಂದು ಸಾಸಿವೆ ಎಂದುಕೊಳ್ಳಿ. ಆಗ ಪರಮಾಣು ನಾವು ಗದ್ದೆ ಕೊಯ್ಲಾದ ಮೇಲೆ ಯಕ್ಷಗಾನದ ಆಟ ಆಡಿಸುವ ಬಯಲಿನಷ್ಟಾಗುತ್ತದೆ. ರಂಗಸ್ಥಳ, ಚೌಕಿ, ಪ್ರೇಕ್ಷಕರು, ಚಹಾದಂಗಡಿ ಎಲ್ಲ ಸೇರಿ.

ಬದಿಯಡ್ಕದ ಕೃಷಿಕ: ಅಷ್ಟು ದೊಡ್ಡ ಬಯಲಿನಲ್ಲಿ ಬಾಣವು ಸಾಸಿವೆಗೆ ಬಡಿಯಿತೇ?

ಮಂಜೇಶ್ವರದ ತಂಗಿ: ಬಡಿಯಲೇ ಇಲ್ಲ ಅಣ್ಣ. ಕಣವೂ ಧನ, ನ್ಯೂಕ್ಲಿಯಸ್ಸೂ ಧನ. ಮುಟ್ಟುವ ಮೊದಲೇ ವಿಕರ್ಷಣೆ ಹಿಂದಕ್ಕೆ ತಳ್ಳಿತು. 'ಬಡಿದ' ಎಂಬುದು ಸಂಚಾಲಕರ ತಪ್ಪು, ನಮ್ಮದಲ್ಲ.

ಕುಂಬಳೆಯ ಸಂಚಾಲಕ: ಸಮಸ್ಯೆ ಕೊಟ್ಟವನಿಗೇ ಬಾಣ ತಿರುಗಿತು! ತಪ್ಪೊಪ್ಪಿದೆ. ಈಗ ಯಾರೂ ಹಿಂದಕ್ಕೆ ತಳ್ಳಲಾಗದ ಅತಿಥಿಯನ್ನೇ ಕರೆಯುತ್ತೇನೆ. ವಿದ್ಯುದಂಶವಿಲ್ಲದ ನ್ಯೂಟ್ರಾನನ್ನು 1932ರಲ್ಲಿ ಚಾಡ್ವಿಕ್ ಕಂಡ. ಮುಂದಿನ ವಾರಕ್ಕೆ, ಪ್ರಾಸ 'ಗ'ಕಾರ, ಮಂಜೇಶ್ವರಕ್ಕೂ ವಿನಾಯಿತಿ ಇಲ್ಲ:

*ಬಾಗಿಲಿಲ್ಲದ ಮನೆಗೆ ಬಂದನು ನೆಂಟನಿರುಳಿನಲಿ*